ಸೂಕ್ತದ ಹಿನ್ನೆಲೆಯಾಗಿ ಹೇಳುವ ಘಟನೆ ಎಷ್ಟು ನಂಬಿಗಸ್ತ? ಪರಿಶೀಲಿಸುವ ಕ್ರಮ

“ಈ ಆಯತ್ (ಕುರ್‌ಆನಿನ ಸೂಕ್ತ) ಇಂಥವರ ವಿಷಯದಲ್ಲಿ ಇಳಿಯಿತು ಎಂದು ಭಾಷಣದಲ್ಲಿ ಕೇಳಿದೆ, ಇದು ಸಹೀಹಾ (ನಂಬಿಗಸ್ತವೇ)?” ಮಂಜೇಶ್ವರ, ಉಪ್ಪಳ, ಕುಂಬಳೆ, ಕಾಸರಗೋಡು ಕಡೆಯ ಓದುಗರಿಂದ ಪದೇ ಪದೇ ಬರುವ ಪ್ರಶ್ನೆ ಇದು. ರಮಝಾನ್ ಹತ್ತಿರವಾದಂತೆ ಹೆಚ್ಚಾಗುತ್ತದೆ, ಜೊತೆಗೆ ವಾಟ್ಸ್ಆ್ಯಪ್ ಆಡಿಯೊ ಕೂಡ ಬರುತ್ತದೆ. ಒಂದೊಂದಕ್ಕೆ ಹೌದು, ಅಲ್ಲ ಎಂದು ಉತ್ತರಿಸಿದರೆ ಮುಂದಿನ ಕಥೆ ಬಂದಾಗ ನೀವು ಮತ್ತೆ ಕೇಳಲೇಬೇಕಾಗುತ್ತದೆ. ಅದರ ಬದಲು, ಇಂಥ ವರದಿಯನ್ನು ಪಂಡಿತರು ಯಾವ ಕ್ರಮದಲ್ಲಿ ಪರಿಶೀಲಿಸುತ್ತಾರೆ, ಸಾಮಾನ್ಯ ಓದುಗ ಅದರಲ್ಲಿ ಎಷ್ಟು ದೂರ ತಾನೇ ಹೋಗಬಹುದು, ಎಲ್ಲಿ ನಿಂತು ಉಸ್ತಾದರನ್ನು ಕೇಳಬೇಕು ಎಂಬುದನ್ನು ಇಲ್ಲಿ ಹೇಳುತ್ತೇನೆ.

ಒಂದು ಸೂಕ್ತ ಅವತೀರ್ಣವಾಗಲು ಕಾರಣವಾದ ಘಟನೆ ಅಥವಾ ಪ್ರಶ್ನೆಗೆ ‘ಸಬಬುನ್ನುಝೂಲ್’ ಎನ್ನುತ್ತಾರೆ. ಚುಟುಕಾಗಿ ‘ಸಬಬ್’. ಇದರ ಬಹುವಚನ ‘ಅಸ್ಬಾಬುನ್ನುಝೂಲ್’. ಇದು ಊಹೆಯಿಂದ ಹೇಳುವ ವಿಷಯವಲ್ಲ. ಸೂಕ್ತ ಇಳಿದುದನ್ನು ಕಂಡವರಿಂದ ಕೇಳಿ ಬಂದ ವರದಿಯಿಲ್ಲದೆ ಈ ಬಗ್ಗೆ ಮಾತಾಡುವುದೇ ಸಲ್ಲದು ಎಂದು, ಈ ವಿಷಯದ ಅತಿ ಪ್ರಸಿದ್ಧ ಗ್ರಂಥ ಬರೆದ ವಾಹಿದೀ (ಮರಣ ಹಿಜರಿ 468, ಕ್ರಿ.ಶ. 1076) ತಮ್ಮ ಮುನ್ನುಡಿಯಲ್ಲೇ ಹೇಳಿದ್ದಾರೆ. ಆದ್ದರಿಂದ ಪ್ರತಿ ಕಥೆಗೂ ಕೇಳಬೇಕಾದ ಪ್ರಶ್ನೆ ಎರಡೇ: ಇದನ್ನು ಕಂಡವರು ಯಾರು? ಅವರ ಮಾತು ನಮ್ಮವರೆಗೆ ಯಾರ ಮೂಲಕ ಬಂತು? ಉಳಿದದ್ದೆಲ್ಲ ಈ ಎರಡರ ವಿಸ್ತಾರ.

ಇಲ್ಲಿ ಹೇಳುವುದು ಅಹ್ಲುಸ್ಸುನ್ನದ (ಸುನ್ನಿಗಳ) ಹದೀಸ್ (ಪ್ರವಾದಿಯವರ(ಸ) ಮಾತು, ನಡೆಗಳ ವರದಿ) ಶಾಸ್ತ್ರದ ಕ್ರಮ. ನಮ್ಮೂರಿನ ಸಂಘಟನೆಗಳ ನಡುವಿನ ವಾದಕ್ಕೆ ಇದನ್ನು ಎಳೆಯಬೇಡಿ. ಈ ಕ್ರಮವನ್ನು ಹೇಳಿಕೊಟ್ಟ ಇಬ್ನು ಹಜರ್, ಸುಯೂತೀ ಮುಂತಾದವರನ್ನು ಎಲ್ಲ ಕಡೆಯವರೂ ಓದುತ್ತಾರೆ.

ಬೇಕಾಗುವುದೇನು?

ಮೊದಲು ಸೂರಾದ (ಅಧ್ಯಾಯದ) ಹೆಸರು ಮತ್ತು ಸೂಕ್ತದ ಸಂಖ್ಯೆ ಗೊತ್ತಿರಬೇಕು. “ಝಕಾತಿನ ಆಯತ್” ಎಂದರೆ ಸಾಲದು. ಆಮೇಲೆ ಕೆಲವು ಗ್ರಂಥಗಳು: ವಾಹಿದೀಯವರ ‘ಅಸ್ಬಾಬುನ್ನುಝೂಲ್’, ಸುಯೂತೀಯವರ (ಹಿ. 911, ಕ್ರಿ.ಶ. 1505) ‘ಲುಬಾಬುನ್ನುಕೂಲ್’, ತಬರೀ (ಹಿ. 310, ಕ್ರಿ.ಶ. 923) ಮತ್ತು ಇಬ್ನು ಕಸೀರ್ (ಹಿ. 774, ಕ್ರಿ.ಶ. 1373) ಅವರ ತಫ್ಸೀರ್‌ಗಳು (ಕುರ್‌ಆನ್ ವ್ಯಾಖ್ಯಾನಗಳು). ಇವೆಲ್ಲ ‘ಅಲ್‌ಮಕ್ತಬತುಶ್ಶಾಮಿಲಾ’ ಎಂಬ ಅರಬಿ ಗ್ರಂಥಭಂಡಾರದಲ್ಲಿ ಉಚಿತವಾಗಿ ಸಿಗುತ್ತವೆ. ದರ್ಸಿನಲ್ಲಿ (ಮಸೀದಿಯ ಧಾರ್ಮಿಕ ಪಾಠದಲ್ಲಿ) ಓದಿದವರು ಮನೆಯಲ್ಲಿದ್ದರೆ ಇನ್ನೂ ಸುಲಭ. ಅವರು ಓದಿದ ‘ಜಲಾಲೈನಿ’ ತಫ್ಸೀರಿನ ಹಲವು ಮುದ್ರಣಗಳಲ್ಲಿ ಪುಟದ ಅಂಚಿನಲ್ಲೇ ‘ಲುಬಾಬುನ್ನುಕೂಲ್’ ಅಚ್ಚಾಗಿರುತ್ತದೆ.

ಇಬ್ನು ಹಜರ್ ಅಸ್ಕಲಾನೀ (ಹಿ. 852, ಕ್ರಿ.ಶ. 1449) ಅವರ ‘ಅಲ್‌ಉಜಾಬ್’ ಈ ವಿಷಯದಲ್ಲಿ ಬಹಳ ಆಳದ ಕೃತಿ. ಆದರೆ ಅದು ಪೂರ್ಣಗೊಂಡಿಲ್ಲ, ಸೂರಾ ನಿಸಾದ 78ನೇ ಸೂಕ್ತದ ಹೊತ್ತಿಗೆ ನಿಂತುಬಿಡುತ್ತದೆ. ಇಲ್ಲೊಂದು ಎಚ್ಚರಿಕೆ: ನಮ್ಮ ಕಡೆ ಫಿಕ್‌ಹ್ (ಧಾರ್ಮಿಕ ವಿಧಿಗಳ ಶಾಸ್ತ್ರ) ಮಾತಿನಲ್ಲಿ ಬರೀ ‘ಇಬ್ನು ಹಜರ್’ ಎಂದರೆ ಹೆಚ್ಚಾಗಿ ‘ತುಹ್ಫಾ’ ಬರೆದ ಇಬ್ನು ಹಜರ್ ಹೈತಮೀ. ಅವರು ಬೇರೆ, ಒಂದು ಶತಮಾನಕ್ಕೂ ಹೆಚ್ಚು ಈಚಿನವರು. ಹದೀಸಿನ ತೀರ್ಪಿನಲ್ಲಿ ಬರುವ ಇಬ್ನು ಹಜರ್ ಸಾಮಾನ್ಯವಾಗಿ ಅಸ್ಕಲಾನೀ.

ಅರಬಿ ಅರ್ಥವಾಗದಿದ್ದರೆ? ಮದ್ರಸದಲ್ಲಿ ಅಕ್ಷರ ಕೂಡಿಸಿ ಓದಲು ಕಲಿತವರಿಗೆ ಅರ್ಧ ಕೆಲಸ ಸಾಧ್ಯ. ‘ಹದ್ದಸನಾ’ (ನಮಗೆ ತಿಳಿಸಿದರು), ‘ಅಖ್ಬರನಾ’ (ನಮಗೆ ವರದಿ ಮಾಡಿದರು), ‘ಸಮಿಅ್ತು’ (ನಾನು ಕೇಳಿದೆ), ‘ಅನ್’ (ಇಂಥವರಿಂದ) ಎಂಬ ಪದಗಳನ್ನು ಗುರುತಿಸಿ, ಅವುಗಳ ನಡುವಿನ ಹೆಸರುಗಳನ್ನು ಕನ್ನಡದಲ್ಲಿ ಬರೆದುಕೊಂಡರಾಯಿತು. ಹೀಗೆ ಒಬ್ಬರಿಂದ ಒಬ್ಬರಿಗೆ ಬಂದ ಹೆಸರುಗಳ ಸಾಲಿಗೆ ‘ಸನದು’ ಎನ್ನುತ್ತಾರೆ.

ಹಂತ 1: ಕೇಳಿದ ಕಥೆಯನ್ನು ಬರೆದುಕೊಳ್ಳಿ

ಯಾರು, ಎಲ್ಲಿ, ಏನು ಮಾಡಿದರು, ಆಗ ಯಾವ ಸೂಕ್ತ ಇಳಿಯಿತು ಎಂಬಷ್ಟನ್ನು ನಾಲ್ಕು ಸಾಲಿನಲ್ಲಿ ಬರೆಯಿರಿ. ನಮ್ಮ ಗಡಿನಾಡಿನಲ್ಲಿ ಇದಕ್ಕೆ ವಿಶೇಷ ಕಾರಣವಿದೆ. ಭಾಷಣ ಮಲಯಾಳದಲ್ಲಿ, ಮನೆಯ ಚರ್ಚೆ ಬ್ಯಾರಿಯಲ್ಲಿ, ಬರಹ ಕನ್ನಡದಲ್ಲಿ ನಡೆಯುವಾಗ ಹೆಸರುಗಳ ಕಾಗುಣಿತ ಮೂರು ಬಗೆಯಾಗುತ್ತದೆ. ಸಅ್ಲಬ, ಥಅ್ಲಬ, ಸಲಬ ಎಂದು ಕಂಡ ಮೂವರೂ ಒಬ್ಬರೇ. ಹುಡುಕುವಾಗ ಕನ್ನಡ ಕಾಗುಣಿತ ನಂಬದೆ, ಅರಬಿ ಅಕ್ಷರಗಳಲ್ಲಿ (ಈ ಹೆಸರಿಗೆ ಸಾ, ಐನ್, ಲಾಮ್, ಬಾ, ತಾ ಮರ್ಬೂತಾ) ಹುಡುಕಿ.

ಹಂತ 2: ಅದು ನಿಜಕ್ಕೂ ಸಬಬ್ ಹೌದೇ ನೋಡಿ

ಸೂಕ್ತದಲ್ಲಿ ಹೇಳಿದ ಹಳೆಯ ಚರಿತ್ರೆ ಬೇರೆ, ಸೂಕ್ತ ಇಳಿಯಲು ಕಾರಣವಾದ ಘಟನೆ ಬೇರೆ. ಸೂರಾ ಫೀಲ್‌ನ ಸಬಬ್ ಆಗಿ ಅಬಿಸೀನಿಯದವರ ಆನೆ ದಂಡಯಾತ್ರೆಯನ್ನು ವಾಹಿದೀ ಕೊಟ್ಟಿದ್ದಾರೆ. ಸುಯೂತೀ ‘ಅಲ್‌ಇತ್ಕಾನ್’ನಲ್ಲಿ ಇದನ್ನು ಒಪ್ಪುವುದಿಲ್ಲ. ಅದು ಆಗಿಹೋದ ಸಂಗತಿಯ ವರ್ಣನೆ, ಸೂರಾ ಇಳಿಯುವ ಹೊತ್ತಿನಲ್ಲಿ ನಡೆದುದಲ್ಲ ಎನ್ನುತ್ತಾರೆ. ಎಷ್ಟೋ ಪ್ರಶ್ನೆಗಳು ಈ ಹಂತದಲ್ಲೇ ಮುಗಿದುಹೋಗುತ್ತವೆ.

ಎಲ್ಲ ಸೂಕ್ತಕ್ಕೂ ಒಂದು ಘಟನೆ ಇರಲೇಬೇಕು ಎಂಬ ತಪ್ಪು ಕಲ್ಪನೆಯೂ ಇದೆ. ಹಾಗಿಲ್ಲ. ಬಹುಪಾಲು ಸೂಕ್ತಗಳು ಇಂಥದ್ದೇ ಎಂಬ ಘಟನೆಯಿಲ್ಲದೆ ಅವತೀರ್ಣವಾದವು. ಹುಡುಕಿ ಏನೂ ಸಿಗದಿದ್ದರೆ ಅದೂ ಒಂದು ಉತ್ತರವೇ.

ಹಂತ 3: ಮೂಲ ಗ್ರಂಥ ಹುಡುಕಿ

“ತಫ್ಸೀರಿನಲ್ಲಿದೆ” ಎಂಬುದು ಮೂಲವಲ್ಲ. ಸನದು ಸಹಿತ ವರದಿಯನ್ನು ದಾಖಲಿಸಿದ ಗ್ರಂಥ ಮೂಲ: ಬುಖಾರೀ, ಮುಸ್ಲಿಮ್, ತಿರ್ಮಿದೀ, ನಸಾಈ, ಅಹ್ಮದ್, ತಬರಾನೀ, ತಬರೀ ಇತ್ಯಾದಿ. ಸುಯೂತೀ ‘ಲುಬಾಬ್’ನಲ್ಲಿ ಸನದನ್ನು ಹೆಚ್ಚಾಗಿ ಪೂರ್ತಿ ಕೊಡುವುದಿಲ್ಲ, ಆದರೆ ‘ಅಖ್ರಜ’ (ದಾಖಲಿಸಿದರು) ಎಂದು ಹೇಳಿ ಮೂಲ ಗ್ರಂಥಕಾರನ ಹೆಸರು ಕೊಡುತ್ತಾರೆ. ಅದು ನಿಮ್ಮ ದಾರಿ. ವಾಹಿದೀ ಹಲವು ಕಡೆ ಪೂರ್ತಿ ಸನದು ಕೊಡುತ್ತಾರೆ, ಕೆಲವು ಕಡೆ ‘ಮುಫಸ್ಸಿರರು (ವ್ಯಾಖ್ಯಾನಕಾರರು) ಹೇಳುತ್ತಾರೆ’ ಎಂದಷ್ಟೇ ಬರೆದು ಕಥೆ ಶುರು ಮಾಡುತ್ತಾರೆ. ಇವೆರಡರ ತೂಕ ಒಂದೇ ಅಲ್ಲ.

ವರದಿ ಬುಖಾರೀ ಅಥವಾ ಮುಸ್ಲಿಮಿನ ಮುಖ್ಯ ಹದೀಸುಗಳಲ್ಲಿದ್ದರೆ ಸನದಿನ ಕೆಲಸ ಬಹುತೇಕ ಮುಗಿದಂತೆ, ನೇರ 5ನೇ ಹಂತಕ್ಕೆ ಹೋಗಿ. ತಿರ್ಮಿದೀಯಲ್ಲಿದ್ದರೆ ಹದೀಸಿನ ಕೆಳಗೆ ಅವರು ಬರೆದ ಮಾತನ್ನೂ ಓದಲೇಬೇಕು. ಉದಾಹರಣೆಗೆ ಬಕರಾ 115: “ನೀವು ಎತ್ತ ತಿರುಗಿದರೂ ಅಲ್ಲಿ ಅಲ್ಲಾಹನ ಮುಖವಿದೆ.” ಕತ್ತಲ ರಾತ್ರಿಯಲ್ಲಿ ಕಿಬ್ಲಾ ತಿಳಿಯದೆ ಒಬ್ಬೊಬ್ಬರು ಒಂದೊಂದು ದಿಕ್ಕಿಗೆ ನಮಾಝ್ ಮಾಡಿದರು, ಬೆಳಿಗ್ಗೆ ಇದು ಇಳಿಯಿತು ಎಂಬ ವರದಿ ತಿರ್ಮಿದೀಯಲ್ಲಿದೆ. ಆದರೆ ಸನದು ಬಲವಾಗಿಲ್ಲ, ಅದರಲ್ಲಿರುವ ಅಶ್ಅಸ್ ಸಮ್ಮಾನ್ ದುರ್ಬಲ ಎಂದು ತಿರ್ಮಿದೀಯೇ ಅಲ್ಲಿ ಹೇಳಿದ್ದಾರೆ. ಪ್ರಯಾಣದಲ್ಲಿ ವಾಹನದ ಮೇಲೆ ಕೂತು, ಅದು ತಿರುಗಿದ ಕಡೆಗೆ ಐಚ್ಛಿಕ ನಮಾಝ್ ಮಾಡುವ ವಿಷಯದಲ್ಲಿ ಇದು ಇಳಿಯಿತು ಎಂಬ ಇಬ್ನು ಉಮರ್(ರ) ಅವರ ವರದಿ ಮುಸ್ಲಿಮಿನಲ್ಲಿದೆ. “ತಿರ್ಮಿದೀಯಲ್ಲಿದೆ” ಎಂದು ಮೊದಲನೆಯದನ್ನು ಹಂಚುವವರು ತಿರ್ಮಿದೀಯ ಮಾತನ್ನೇ ಬಿಟ್ಟಿರುತ್ತಾರೆ.

ಹಂತ 4: ಸನದನ್ನು ಬಿಡಿಸಿ ನೋಡಿ

ಹೆಚ್ಚು ಸಮಯ ಕೊಡಬೇಕಾದ ಹಂತ ಇದು. ಮೊದಲು ಸಾಲಿನ ಕೊನೆಯ ಹೆಸರು ನೋಡಿ.

ಅದು ಸಹಾಬಿಯ (ಪ್ರವಾದಿಯವರನ್ನು(ಸ) ಕಂಡು ವಿಶ್ವಾಸವಿಟ್ಟವರು) ಹೆಸರಾದರೆ, ಆಯತ್ ಇಳಿದ ಕಾರಣದ ಬಗ್ಗೆ ಅವರು ಸ್ಪಷ್ಟವಾಗಿ ಹೇಳಿದ ಮಾತನ್ನು ಪ್ರವಾದಿಯವರೆಗೆ(ಸ) ತಲುಪಿದ ಹದೀಸಿನ ಸಾಲಿಗೆ ಸೇರಿಸುತ್ತಾರೆ. ಅದು ತಾಬಿಈ (ಸಹಾಬಿಗಳಿಂದ ಕಲಿತ ಮುಂದಿನ ತಲೆಮಾರು) ಆದರೆ ಆ ವರದಿ ‘ಮುರ್ಸಲ್’, ಅಂದರೆ ನಡುವೆ ಒಬ್ಬರ ಹೆಸರು ಬಿಟ್ಟುಹೋಗಿದೆ. ಇಂಥದ್ದನ್ನು ಸುಯೂತೀ ಷರತ್ತಿನ ಮೇಲೆ ಒಪ್ಪುತ್ತಾರೆ. ತಾಬಿಈವರೆಗಿನ ಸನದು ಸರಿಯಿರಬೇಕು, ಜೊತೆಗೆ ಅವರು ಮುಜಾಹಿದ್, ಇಕ್ರಿಮಾ, ಸಈದ್ ಬಿನ್ ಜುಬೈರ್ ಅವರಂತೆ ಸಹಾಬಿಗಳಿಂದ ತಫ್ಸೀರ್ ಕಲಿತ ಇಮಾಮರಾಗಿರಬೇಕು ಅಥವಾ ಇನ್ನೊಂದು ಮುರ್ಸಲ್ ಬೆಂಬಲಕ್ಕಿರಬೇಕು.

ನಂತರ ನಡುವಿನ ಹೆಸರುಗಳು. ದೊಡ್ಡ ಮೋಸ ನಡೆಯುವುದು ಸಹಾಬಿ ಇಬ್ನು ಅಬ್ಬಾಸ್(ರ) ಅವರ ಹೆಸರಿನಲ್ಲಿ. “ಇಬ್ನು ಅಬ್ಬಾಸ್ ಹೇಳಿದರು” ಎಂದ ಕೂಡಲೇ ಕೇಳುಗ ಸುಮ್ಮನಾಗುತ್ತಾನೆ. ಆದರೆ ಅವರವರೆಗಿನ ದಾರಿಗಳು ಹಲವು. ಈ ಕೆಲವನ್ನು ನೆನಪಿಡಿ:

ಕಲ್ಬೀ (ಹಿ. 146), ಅಬೂ ಸಾಲಿಹ್‌ರಿಂದ, ಅವರು ಇಬ್ನು ಅಬ್ಬಾಸ್‌ರಿಂದ: ತೀರಾ ದುರ್ಬಲ ದಾರಿ. ಕಲ್ಬೀಯಿಂದ ಮುಹಮ್ಮದ್ ಬಿನ್ ಮರ್ವಾನ್ ಸುದ್ದೀ ವರದಿ ಮಾಡಿದ್ದರೆ ಅದನ್ನು ಸುಯೂತೀ ‘ಸುಳ್ಳಿನ ಸರಪಳಿ’ ಎಂದಿದ್ದಾರೆ. ‘ತನ್ವೀರುಲ್ ಮಿಕ್ಬಾಸ್’ ಎಂಬ, ‘ಇಬ್ನು ಅಬ್ಬಾಸರ ತಫ್ಸೀರ್’ ಎಂದೇ ಅಚ್ಚಾಗಿ ಬೇರೆ ಭಾಷೆಗಳಿಗೂ ಹೋಗಿರುವ ಪುಸ್ತಕ ಬಂದಿರುವುದು ಈ ದಾರಿಯಲ್ಲೇ. ಮುಖಪುಟದ ಹೆಸರು ನೋಡಿ ಅದರಿಂದ ಉಲ್ಲೇಖ ತೆಗೆಯಬೇಡಿ.

ಈ ಸುದ್ದೀಯನ್ನು ‘ಚಿಕ್ಕ ಸುದ್ದೀ’ ಎನ್ನುತ್ತಾರೆ. ‘ದೊಡ್ಡ ಸುದ್ದೀ’ ಇಸ್ಮಾಈಲ್ ಬಿನ್ ಅಬ್ದುರ್ರಹ್ಮಾನ್ (ಹಿ. 127) ಬೇರೆ ವ್ಯಕ್ತಿ. ಅವರ ಬಗ್ಗೆ ಪಂಡಿತರಲ್ಲಿ ಎರಡು ಮಾತಿದ್ದರೂ ಅವರ ಹದೀಸ್ ಮುಸ್ಲಿಮಿನಲ್ಲಿದೆ. ಇಬ್ಬರನ್ನು ಅದಲುಬದಲು ಮಾಡಿದರೆ ತೀರ್ಪು ತಲೆಕೆಳಗಾಗುತ್ತದೆ.

ದಹ್ಹಾಕ್ ಇಬ್ನು ಅಬ್ಬಾಸ್‌ರಿಂದ ನೇರವಾಗಿ ಕೇಳಿಲ್ಲ, ಸಾಲು ತುಂಡಾಗಿದೆ. ದಹ್ಹಾಕ್‌ರಿಂದ ಜುವೈಬಿರ್ ಹೇಳಿದ್ದರಂತೂ ಇನ್ನೂ ದುರ್ಬಲ. ಅಲೀ ಬಿನ್ ಅಬೀ ತಲ್ಹಾ ಕೂಡ ನೇರವಾಗಿ ಕೇಳಿದವರಲ್ಲ. ಆದರೆ ಅವರು ಪಡೆದದ್ದು ಮುಜಾಹಿದ್ ಮುಂತಾದ ನಂಬಿಗಸ್ತರ ಮೂಲಕ ಎಂಬ ಕಾರಣಕ್ಕೆ ಹಲವು ಪಂಡಿತರು ಆ ದಾರಿಗೆ ಬೆಲೆ ಕೊಡುತ್ತಾರೆ. ಸಾಲು ತುಂಡಾದದ್ದೆಲ್ಲ ಒಂದೇ ದರ್ಜೆಯಲ್ಲ ಎಂಬುದಕ್ಕೆ ಇದು ಸಾಕ್ಷಿ.

ಈಗ ಒಂದು ಕಥೆಯನ್ನು ಹತ್ತಿರದಿಂದ ನೋಡೋಣ. ತೌಬಾ 75ರಿಂದ 77: “ಅಲ್ಲಾಹನು ನಮಗೆ ಕೊಟ್ಟರೆ ದಾನ ಮಾಡುತ್ತೇವೆ” ಎಂದು ಮಾತು ಕೊಟ್ಟು, ಕೊಟ್ಟಾಗ ಜಿಪುಣರಾದವರ ಬಗ್ಗೆ. ಇದು ಸಅ್ಲಬಾ ಬಿನ್ ಹಾತಿಬ್(ರ) ಅವರ ವಿಷಯದಲ್ಲಿ ಇಳಿಯಿತು ಎಂದು ಎಷ್ಟೋ ಭಾಷಣಗಳಲ್ಲಿ ಕೇಳಿದ್ದೀರಿ. ಬಡವನಾಗಿದ್ದಾಗ ಸಂಪತ್ತಿಗಾಗಿ ದುಆ ಮಾಡಿಸಿಕೊಂಡರು, ಕುರಿಗಳು ಹೆಚ್ಚಿದವು, ಜಮಾಅತ್ (ಸಾಮೂಹಿಕ ನಮಾಝ್) ತಪ್ಪಿತು, ಝಕಾತ್ (ಕಡ್ಡಾಯ ದಾನ) ನಿರಾಕರಿಸಿದರು. ಆಮೇಲೆ ತಂದಾಗ ಪ್ರವಾದಿಯವರೂ(ಸ), ಅವರ ನಂತರ ಖಲೀಫರೂ ಸ್ವೀಕರಿಸಲಿಲ್ಲ ಎಂಬುದು ಕಥೆ. ಇದರ ಪ್ರಸಿದ್ಧ ಸನದು ಹೀಗೆ: ಮುಆನ್ ಬಿನ್ ರಿಫಾಆ, ಅಲೀ ಬಿನ್ ಯಝೀದ್ ಅಲ್ಹಾನೀಯಿಂದ, ಅವರು ಕಾಸಿಮ್‌ರಿಂದ, ಅವರು ಅಬೂ ಉಮಾಮಾ(ರ) ಅವರಿಂದ. ಇದರಲ್ಲಿ ಅಲೀ ಬಿನ್ ಯಝೀದ್‌ರನ್ನು ಬುಖಾರೀ ‘ಮುನ್ಕರುಲ್ ಹದೀಸ್’ (ನಂಬಿಗಸ್ತರಿಗೆ ವಿರುದ್ಧವಾದ ಹದೀಸು ತರುವವರು) ಎಂದಿದ್ದಾರೆ. ದಾರಕುತ್ನೀ ‘ಮತ್ರೂಕ್’ (ಬಿಟ್ಟುಬಿಡಬೇಕಾದವರು) ಎಂದಿದ್ದಾರೆ. ಇಬ್ನು ಹಜರ್ ಅಸ್ಕಲಾನೀ ಈ ವರದಿಯನ್ನು ದುರ್ಬಲ ಎಂದರು. ಇಬ್ನು ಹಝ್ಮ್ ಇದು ಸುಳ್ಳೆಂದೇ ಹೇಳಿ, ಕಥೆಯೊಳಗಿನ ತೊಡಕನ್ನು ಎತ್ತಿ ತೋರಿಸಿದರು: ಅವರು ಮುಸ್ಲಿಮರಾಗಿದ್ದರೆ ಝಕಾತ್ ಪಡೆಯುವುದು ಅಬೂಬಕ್ಕರ್, ಉಮರ್(ರ) ಅವರ ಮೇಲೆ ಕಡ್ಡಾಯವಿತ್ತಲ್ಲ, ನಿರಾಕರಿಸಿದ್ದು ಹೇಗೆ?

ಇಷ್ಟಕ್ಕೆ ನಿಲ್ಲುವ ವಿಷಯವಲ್ಲ ಇದು. ಬದ್ರ್ ಯುದ್ಧದಲ್ಲಿ ಪಾಲ್ಗೊಂಡವರ ಪಟ್ಟಿಯಲ್ಲಿ ಸಅ್ಲಬಾ ಬಿನ್ ಹಾತಿಬ್ ಎಂಬ ಹೆಸರಿದೆ. ಆ ಹೆಸರಿನವರು ಇಬ್ಬರಿದ್ದಿರಬಹುದು ಎಂಬ ಚರ್ಚೆಯೂ ಪಂಡಿತರಲ್ಲಿ ನಡೆದಿದೆ. ಮತ್ರೂಕ್ ಎನಿಸಿಕೊಂಡವರ ಮಾತು ನಂಬಿ ಬದ್ರಿನವರ ಹೆಸರಿಗೆ ಕಪಟಿ ಎಂಬ ಪಟ್ಟ ಕಟ್ಟುವುದು ಎಷ್ಟು ದೊಡ್ಡ ಅಪರಾಧ ಎಂದು ಯೋಚಿಸಿ. ಜಿಪುಣತನದ ವಿರುದ್ಧ ಬುದ್ಧಿ ಹೇಳಲು ಆ ಸೂಕ್ತವೇ ಸಾಕು, ಅದಕ್ಕೆ ಯಾರ ಹೆಸರೂ ಬೇಕಿಲ್ಲ.

ಹಂತ 5: ಹೇಳಿದ ರೀತಿ ಗಮನಿಸಿ

ಸಹಾಬಿಗಳು ‘ಇಂಥದ್ದು ನಡೆಯಿತು, ಆಗ ಅಲ್ಲಾಹನು ಇದನ್ನು ಇಳಿಸಿದನು’ ಎಂದಿದ್ದರೆ ಅದು ಸ್ಪಷ್ಟವಾದ ಸಬಬ್. ‘ನಝಲತ್ ಫೀ ಕದಾ’ (ಈ ಆಯತ್ ಇಂಥ ವಿಷಯದಲ್ಲಿ ಇಳಿಯಿತು) ಎಂದಷ್ಟೇ ಇದ್ದರೆ ಅದು ಸಬಬ್ ಇರಬಹುದು, ‘ಇಂಥದ್ದಕ್ಕೂ ಈ ಆಯತ್ ಅನ್ವಯಿಸುತ್ತದೆ’ ಎಂಬ ವಿವರಣೆಯೂ ಇರಬಹುದು. ಇಬ್ನು ತೈಮಿಯಾ ಇದನ್ನು ಬಿಡಿಸಿ ಹೇಳಿದ್ದಾರೆ. ಮೇಲಿನ ಇಬ್ನು ಉಮರ್(ರ) ಅವರ ಮಾತನ್ನೂ ಹೀಗೆ ಎರಡು ಬಗೆಯಲ್ಲಿ ಓದಬಹುದು.

ಸಹಾಬಿ ಝುಬೈರ್(ರ) ಅವರ ವರದಿ ನೋಡಿ. ಮದೀನಾದ ಹರ್ರಾ ಎಂಬಲ್ಲಿನ ನೀರಿನ ಕಾಲುವೆಯ ವಿಷಯದಲ್ಲಿ ಅವರಿಗೂ ಒಬ್ಬ ಅನ್ಸಾರಿಗೂ (ಮದೀನಾದವನಿಗೂ) ಜಗಳವಾಯಿತು. ನೀನು ನೀರುಣಿಸಿ ಆಮೇಲೆ ನೆರೆಯವನಿಗೆ ಬಿಡು ಎಂದು ಪ್ರವಾದಿಯವರು(ಸ) ಹೇಳಿದಾಗ, “ನಿಮ್ಮ ಅತ್ತೆಯ ಮಗನಾದ್ದರಿಂದ ತಾನೇ?” ಎಂದು ಆತ ಕೇಳಿಬಿಟ್ಟ. ಬೇಸಿಗೆಯಲ್ಲಿ ಮೇಲಿನ ಅಡಿಕೆ ತೋಟ, ಕೆಳಗಿನ ಅಡಿಕೆ ತೋಟ ಎಂದು ನೀರಿಗೆ ಮಾತು ಬೆಳೆಯುವುದನ್ನು ಕಂಡ ನಮ್ಮವರಿಗೆ ಈ ದೃಶ್ಯ ಬಿಡಿಸಿ ಹೇಳಬೇಕಿಲ್ಲ. ನಿಸಾ 65ನೇ ಸೂಕ್ತ ಈ ವಿಷಯದಲ್ಲೇ ಇಳಿಯಿತೆಂದು ‘ನಾನು ಭಾವಿಸುತ್ತೇನೆ’ ಎಂದು ಝುಬೈರ್(ರ) ಹೇಳಿದ್ದು ಬುಖಾರೀಯಲ್ಲಿದೆ. ಘಟನೆಯ ಒಳಗೇ ಇದ್ದವರು ಇಷ್ಟು ಎಚ್ಚರದಿಂದ ಮಾತಾಡಿದ್ದಾರೆ. ನಾವು ಅದನ್ನು ಹೇಳುವಾಗ ‘ಭಾವಿಸುತ್ತೇನೆ’ಯನ್ನು ಕಿತ್ತುಹಾಕಬಾರದು.

ಹಂತ 6: ಕಾಲ ಹೊಂದುತ್ತದೆಯೇ?

ಸೂರಾ ಮಕ್ಕಾದ್ದೋ ಮದೀನಾದ್ದೋ ನೋಡಿ. ಘಟನೆ ಮದೀನಾದ್ದಾಗಿ ಸೂರಾ ಮಕ್ಕಾದ್ದಾದರೆ ನಿಂತು ಯೋಚಿಸಿ. ಕೂಡಲೇ ತಳ್ಳಿಹಾಕಬೇಡಿ, ಮಕ್ಕಾದ ಕೆಲವು ಸೂರಾಗಳಲ್ಲಿ ಮದೀನಾದ ಸೂಕ್ತಗಳೂ ಇವೆ ಎಂದು ಪಂಡಿತರು ಹೇಳುತ್ತಾರೆ.

ಸೂರಾ ದುಹಾ ಇದಕ್ಕೆ ಒಳ್ಳೆಯ ಉದಾಹರಣೆ. ಪ್ರವಾದಿಯವರ(ಸ) ಮನೆಯಲ್ಲಿ ಮಂಚದ ಕೆಳಗೆ ನಾಯಿಮರಿ ಸತ್ತು ಬಿದ್ದಿತ್ತು, ಅದರಿಂದ ವಹ್ಯ್ (ದಿವ್ಯವಾಣಿ) ನಿಂತಿತು, ಅದನ್ನು ಗುಡಿಸಿ ಹಾಕಿದ ಮೇಲೆ ಈ ಸೂರಾ ಇಳಿಯಿತು ಎಂಬ ವರದಿ ತಬರಾನೀಯಲ್ಲಿದೆ. ಬುಖಾರೀ, ಮುಸ್ಲಿಮಿನಲ್ಲಿ ಇರುವುದು ಬೇರೆ: ಪ್ರವಾದಿಯವರು(ಸ) ಅನಾರೋಗ್ಯದಿಂದ ಎರಡು ಮೂರು ರಾತ್ರಿ ನಮಾಝಿಗೆ ಏಳಲಿಲ್ಲ, ಒಬ್ಬ ಹೆಂಗಸು ಬಂದು ಚುಚ್ಚಿ ಮಾತಾಡಿದಳು, ಆಗ ಸೂರಾ ಇಳಿಯಿತು. ಇಬ್ನು ಹಜರ್ ಇಲ್ಲಿ ಸೂಕ್ಷ್ಮವಾಗಿ ಬಿಡಿಸುತ್ತಾರೆ. ನಾಯಿಮರಿಯ ಕಾರಣಕ್ಕೆ ವಹ್ಯ್ ತರುವ ದೇವದೂತ ಜಿಬ್ರೀಲ್(ಅ) ಬರಲು ತಡವಾದ ಘಟನೆ ಪ್ರಸಿದ್ಧವೇ. ಆದರೆ ಅದು ಈ ಸೂರಾದ ಸಬಬ್ ಎಂಬುದು ವಿಚಿತ್ರ, ಸನದಿನಲ್ಲಿ ಯಾರೆಂದು ಗೊತ್ತಿಲ್ಲದವರಿದ್ದಾರೆ, ಸಹೀಹಿನಲ್ಲಿ (ಮೇಲಿನ ಬುಖಾರೀ ಮುಂತಾದ ಗ್ರಂಥಗಳಲ್ಲಿ) ಇರುವುದೇ ಆಧಾರ. ಅಂದರೆ ಘಟನೆ ನಿಜವಿದ್ದು, ಅದನ್ನು ಸೂಕ್ತಕ್ಕೆ ಜೋಡಿಸಿದ್ದು ಮಾತ್ರ ದುರ್ಬಲವಾಗಿರಬಹುದು. ಪರಿಶೀಲಿಸುವಾಗ ಈ ಎರಡನ್ನೂ ಬೇರೆ ಬೇರೆಯಾಗಿ ಕೇಳಿ.

ಹಂತ 7: ಒಂದೇ ಸೂಕ್ತಕ್ಕೆ ಎರಡು ಕಾರಣ ಸಿಕ್ಕಿದರೆ

ಒಂದು ಸಹೀಹ್, ಇನ್ನೊಂದು ದುರ್ಬಲವಾದರೆ ಕಷ್ಟವಿಲ್ಲ. ಎರಡೂ ಸರಿಯಾದ ಸನದಿನವಾದರೆ, ಘಟನೆಯ ಸ್ಥಳದಲ್ಲಿ ಯಾರಿದ್ದರು ನೋಡಿ. ಆತ್ಮದ ಬಗ್ಗೆ ಇರುವ ಇಸ್ರಾ 85ನೇ ಸೂಕ್ತಕ್ಕೆ ಎರಡು ವರದಿಗಳಿವೆ. ಮದೀನಾದ ಹೊಲವೊಂದರಲ್ಲಿ ಪ್ರವಾದಿಯವರ(ಸ) ಜೊತೆ ನಡೆಯುತ್ತಿದ್ದಾಗ ಯಹೂದಿಗಳು ಕೇಳಿದರು ಎಂದು ಇಬ್ನು ಮಸ್ಊದ್(ರ) ಹೇಳಿದ್ದು ಬುಖಾರೀಯಲ್ಲಿದೆ. ಯಹೂದಿಗಳಿಂದ ಪ್ರಶ್ನೆ ಪಡೆದುಕೊಂಡು ಕುರೈಶರು ಕೇಳಿದರು ಎಂಬ ಇಬ್ನು ಅಬ್ಬಾಸ್(ರ) ಅವರ ವರದಿ ತಿರ್ಮಿದೀಯಲ್ಲಿದೆ. ಇಬ್ನು ಮಸ್ಊದ್(ರ) ಸ್ವತಃ ಅಲ್ಲಿದ್ದವರು ಎಂಬ ಕಾರಣಕ್ಕೆ ಸುಯೂತೀ ಮೊದಲನೆಯದಕ್ಕೆ ಹೆಚ್ಚು ತೂಕ ಕೊಟ್ಟರು. ಸೂಕ್ತ ಎರಡು ಬಾರಿ ಇಳಿದಿರಬಹುದು ಎಂಬ ಸಾಧ್ಯತೆಯನ್ನು ಇಬ್ನು ಕಸೀರ್ ಹೇಳಿದ್ದಾರೆ.

ಕಾಲ ಹತ್ತಿರವಿದ್ದರೆ ಎರಡೂ ಘಟನೆಗಳ ನಂತರ ಒಂದೇ ಸೂಕ್ತ ಇಳಿದಿರಬಹುದು. ಪತ್ನಿಯ ಮೇಲೆ ಆರೋಪ ಹೊರಿಸಿದವರು ಆಣೆ ಮಾಡುವ ಲಿಆನ್ ಸೂಕ್ತಗಳಿಗೆ (ನೂರ್ 6ರಿಂದ 9) ಹಿಲಾಲ್ ಬಿನ್ ಉಮಯ್ಯಾ(ರ) ಮತ್ತು ಉವೈಮಿರ್(ರ) ಇಬ್ಬರ ವರದಿಯೂ ಸಹೀಹ್, ಇಬ್ಬರದ್ದನ್ನೂ ಪಂಡಿತರು ಹೀಗೆ ಹೊಂದಿಸಿದ್ದಾರೆ.

ಹಂತ 8: ಸಿಕ್ಕಿದ್ದನ್ನು ಬರೆದು ಉಸ್ತಾದರಿಗೆ ತೋರಿಸಿ

ಸನದಿನ ಅಂತಿಮ ತೀರ್ಪು ನೀವು ಕೊಡಬೇಡಿ. ಒಬ್ಬ ವರದಿಗಾರ ದುರ್ಬಲ ಎಂದು ಕಂಡರೂ ಬೇರೆ ದಾರಿಯಿಂದ ಬಲ ಬಂದಿರಬಹುದು. ಪಂಡಿತರೇ ಒಮ್ಮತಕ್ಕೆ ಬಾರದ ಕಡೆಗಳೂ ಇವೆ. ಹಿಜ್ರ್ 24ನೇ ಸೂಕ್ತದ ಬಗ್ಗೆ, ನಮಾಝಿನ ಸಾಲಿನಲ್ಲಿದ್ದ ಸುಂದರಿಯನ್ನು ನೋಡಲು ಕೆಲವರು ಹಿಂದೆ ನಿಲ್ಲುತ್ತಿದ್ದರು ಎಂಬ ವರದಿಯನ್ನು ಕೆಲವು ಹದೀಸ್ ಪಂಡಿತರು ಒಪ್ಪಿದ್ದಾರೆ. ತಿರ್ಮಿದೀ ಅದು ಇಬ್ನು ಅಬ್ಬಾಸ್‌ರವರೆಗೆ ತಲುಪುವುದಿಲ್ಲ ಎಂಬ ಕಡೆಗೆ ವಾಲಿದ್ದಾರೆ, ಇಬ್ನು ಕಸೀರ್ ಬಲವಾಗಿ ಆಕ್ಷೇಪಿಸಿದ್ದಾರೆ. ಇಂಥಲ್ಲಿ “ಭಿನ್ನಾಭಿಪ್ರಾಯವಿದೆ” ಎಂದು ಬರೆಯುವುದೇ ಪ್ರಾಮಾಣಿಕತೆ.

ನಿಮ್ಮ ಟಿಪ್ಪಣಿ ಹೀಗಿದ್ದರೆ ಸಾಕು:

ಸೂಕ್ತ: ತೌಬಾ 75–77. ಕೇಳಿದ ಸಬಬ್: ಸಅ್ಲಬಾ ಬಿನ್ ಹಾತಿಬ್ ಅವರ ಕಥೆ. ಮೂಲ: ತಬರೀ, ತಬರಾನೀ. ಕೊನೆಯ ಹೆಸರು: ಅಬೂ ಉಮಾಮಾ(ರ), ಸಹಾಬಿ. ಸನದಿನ ತೊಡಕು: ಅಲೀ ಬಿನ್ ಯಝೀದ್ ಅಲ್ಹಾನೀ. ಪಂಡಿತರ ಮಾತು: ಇಬ್ನು ಹಜರ್ ಅಸ್ಕಲಾನೀ, ದುರ್ಬಲ, ಇಬ್ನು ಹಝ್ಮ್, ಸುಳ್ಳು. ನನ್ನ ಪ್ರಶ್ನೆ: ಬೇರೆ ಸರಿಯಾದ ದಾರಿ ಇದೆಯೇ?

ಭಾಷಣ ಮಾಡಿದವರಿಗೇ ತೋರಿಸುವುದಾದರೆ ಜುಮಾ ಮುಗಿದ ಕೂಡಲೇ ಜನರ ನಡುವೆ ಕೇಳಬೇಡಿ. ಅವರ ಕೋಣೆಗೆ ಹೋಗಿ, ಸಲಾಮ್ ಹೇಳಿ, “ಉಸ್ತಾದರೇ, ಇದು ಯಾವ ಕಿತಾಬಿನಲ್ಲಿದೆ, ಸನದಿನ ಬಗ್ಗೆ ಇಮಾಮರು ಏನು ಹೇಳಿದ್ದಾರೆ?” ಎಂದು ಕೇಳಿ. ಹೆಚ್ಚಿನ ಉಸ್ತಾದರು ಕಿತಾಬ್ ತೆಗೆದು ತೋರಿಸುತ್ತಾರೆ. ಉತ್ತರ ಸಿಗುವವರೆಗೆ ಆ ಆಡಿಯೊವನ್ನು ಇನ್ನೊಬ್ಬರಿಗೆ ಕಳುಹಿಸಬೇಡಿ. ಮಾತಿನ ನಡುವೆ ಹೇಳಲೇಬೇಕಾಗಿ ಬಂದರೆ “ಹೀಗೊಂದು ವರದಿಯಿದೆ, ಸನದು ದುರ್ಬಲ” ಎಂದು ಸೇರಿಸಿಯೇ ಹೇಳಿ. ಸಬಬ್ ದುರ್ಬಲವೆಂದು ತೀರ್ಮಾನವಾದರೂ ಸೂಕ್ತದ ಆದೇಶಕ್ಕೆ ಕುಂದಿಲ್ಲ. ಗಣನೆಗೆ ಬರುವುದು ಪದಗಳ ವ್ಯಾಪಕ ಅರ್ಥ, ಒಂದು ಘಟನೆಯ ಮಿತಿಯಲ್ಲ ಎಂಬುದು ಬಹುಪಾಲು ಪಂಡಿತರ ನಿಯಮ.